ನಾಗಾನೋದ ಅಗ್ಗದ ಹಳೇ ಮನೆ: ಯಾವ ಸೇವೆಗೆ ಕೊಟ್ಟ ದುಡ್ಡು ದಕ್ಕಿತು

"ಜಪಾನಿನಲ್ಲಿ ಮನೆ ಕೊಂಡಿದ್ದೀರಂತೆ, ಅಷ್ಟು ಕಡಿಮೆಗೆ ಸಿಗುತ್ತದಂತೆ, ಹೌದಾ?" ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಹೌದು, ಸಿಗುತ್ತದೆ. ನಾಗಾನೋ ಪ್ರಾಂತ್ಯದ ಒಂದು ಸಣ್ಣ ಊರಿನಲ್ಲಿ, 1970ರ ದಶಕದ ಎರಡಂತಸ್ತಿನ ಮರದ ಮನೆ, ಜಾಗ ಸಮೇತ 28 ಲಕ್ಷ ಯೆನ್. ನಾವಿರುವ ಸಿಂಗಪುರದಲ್ಲಿ ಕಾರು ಇಟ್ಟುಕೊಳ್ಳುವ ಹಕ್ಕುಪತ್ರಕ್ಕೆ ಸುರಿಯುವ ದುಡ್ಡಿನಲ್ಲಿ ಇಂಥ ಮೂರು ಮನೆ ಬರುತ್ತವೆ. ಆದರೆ ವಾಸಕ್ಕೆ ಯೋಗ್ಯವಾಗುವ ಹೊತ್ತಿಗೆ ಅದರ ಮೂರು ಪಟ್ಟು ಹತ್ತಿರ ಖರ್ಚಾಗಿತ್ತು. ನಾನು ಲೆಕ್ಕಪರಿಶೋಧನೆ ಮಾಡಿ ಹೊಟ್ಟೆ ಹೊರೆಯುವವಳು, ರಸೀದಿ ಒಂದನ್ನೂ ಬಿಸಾಕಿಲ್ಲ. ಹಾಗಾಗಿ ಮನೆಯನ್ನು ಪಕ್ಕಕ್ಕಿಟ್ಟು, ಹೊರದೇಶದಲ್ಲಿ ಕೂತು ಕೊಳ್ಳುವವರು ಯಾರ್‍ಯಾರಿಗೆ ದುಡ್ಡು ಕೊಡಬೇಕಾಗುತ್ತದೋ ಅವರಿಗೆಲ್ಲ ಅಂಕ ಕೊಡುತ್ತೇನೆ. ಐದಕ್ಕೆ ಎಷ್ಟು ಅಂತ.

ಇಷ್ಟು ಅಗ್ಗ ಯಾಕೆ ಅನ್ನುವುದನ್ನು ಬೇಗ ಮುಗಿಸಿಬಿಡೋಣ. 2023ರ ಸರ್ಕಾರಿ ವಸತಿ ಸಮೀಕ್ಷೆಯ ಪ್ರಕಾರ ಜಪಾನಿನಲ್ಲಿ ಸುಮಾರು 90 ಲಕ್ಷ ಮನೆ ಖಾಲಿ ಬಿದ್ದಿವೆ, ಒಟ್ಟು ಮನೆಗಳಲ್ಲಿ ಶೇ 13.8. ಹಳ್ಳಿಯ ಅಪ್ಪ-ಅಮ್ಮ ತೀರಿಕೊಂಡರೆ ಟೋಕಿಯೋದಲ್ಲಿರುವ ಮಕ್ಕಳಿಗೆ ಆ ಮನೆ ಬೇಡ. ತೆರಿಗೆ ಲೆಕ್ಕದಲ್ಲಿ ಮರದ ಮನೆಯ ಆಯಸ್ಸು 22 ವರ್ಷ, ಅದು ದಾಟಿದರೆ ಮಾರುಕಟ್ಟೆಯಲ್ಲೂ ಜಾಗಕ್ಕಷ್ಟೇ ಬೆಲೆ. ಮೇಲಾಗಿ 2024ರ ಏಪ್ರಿಲ್‌ನಿಂದ ಪಿತ್ರಾರ್ಜಿತ ಆಸ್ತಿಯನ್ನು ಮೂರು ವರ್ಷದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲೇಬೇಕು, ಇಲ್ಲವಾದರೆ 1 ಲಕ್ಷ ಯೆನ್‌ವರೆಗೆ ದಂಡ. ಹಾಗಾಗಿ ಪೆಟ್ಟಿಗೆಯ ತಳದಲ್ಲಿ ಮಲಗಿದ್ದ ಕಾಗದಗಳು ಒಂದೊಂದಾಗಿ ಹೊರಗೆ ಬರುತ್ತಿವೆ.

ಮೊದಲು ಅಕಿಯಾ ಬ್ಯಾಂಕ್. ಹೆಸರಿನಲ್ಲಿ ಬ್ಯಾಂಕ್ ಇದ್ದರೂ ಇದು ಸ್ಥಳೀಯ ಆಡಳಿತದವರು ಖಾಲಿ ಮನೆಗಳ ವಿವರ ಹಾಕುವ ಪಟ್ಟಿ. ನೋಡುವುದಕ್ಕೆ ಕಾಸಿಲ್ಲ. ಫೋಟೋಗಳು ಕೆಟ್ಟದಾಗಿರುತ್ತವೆ, ಆದರೆ ಸುಳ್ಳು ಹೇಳುವುದಿಲ್ಲ: ಸೋರಿದ ಚಾವಣಿಯ ಕಲೆ, ಕುಸಿದ ತತಾಮಿ (ನೆಲಕ್ಕೆ ಹಾಸುವ ದಪ್ಪ ಹುಲ್ಲಿನ ಚಾಪೆ) ಎಲ್ಲ ಇದ್ದ ಹಾಗೇ ಹಾಕಿರುತ್ತಾರೆ. ಪುರಸಭೆಯವರು ವ್ಯವಹಾರದಲ್ಲಿ ಕೈ ಹಾಕುವುದಿಲ್ಲ, ಆಸಕ್ತಿ ತೋರಿಸಿದವರನ್ನು ಊರಿನ ಒಬ್ಬ ಪರವಾನಗಿದಾರ ದಲ್ಲಾಳಿಯ ಕೈಗೆ ಒಪ್ಪಿಸುತ್ತಾರೆ. ಎಲ್ಲವೂ ಜಪಾನಿ ಭಾಷೆಯಲ್ಲಿ, ಫೋನಿನ ಅನುವಾದದಲ್ಲಿ ಮುಕ್ಕಾಲು ಪಾಲು ಅರ್ಥವಾಗುತ್ತದೆ. ಗಮನಿಸಬೇಕಾದ್ದು ಷರತ್ತುಗಳ ಪುಟ. ಹಲವು ಊರುಗಳು "ಇಲ್ಲೇ ನೆಲೆಸುವವರಿಗೆ ಅಥವಾ ನಿಯಮಿತವಾಗಿ ಬಂದು ಇರುವವರಿಗೆ ಮಾತ್ರ" ಅನ್ನುತ್ತವೆ. ರಿಪೇರಿಗೆ ಕೊಡುವ ಸಹಾಯಧನವೂ ಸಾಮಾನ್ಯವಾಗಿ ಅಲ್ಲಿಗೆ ವಿಳಾಸ ಬದಲಾಯಿಸಿಕೊಂಡವರಿಗೇ. ರಜೆಯ ಮನೆ ಬೇಕು ಅಂತ ಹೊರದೇಶದಿಂದ ಬಂದವರು ಆ ದುಡ್ಡಿನ ಆಸೆ ಮೊದಲೇ ಬಿಡುವುದು ಒಳ್ಳೆಯದು. ನಾಲ್ಕು ಅಂಕ.

ಇನ್ನು ಹೊರದೇಶದವರಿಗೆ ಮನೆ ಕೊಡಿಸುತ್ತೇವೆ ಅನ್ನುವ ಕಂಪನಿ. ಹೆಸರು ಹೇಳುವುದಿಲ್ಲ. ಚೆಂದದ ಇಂಗ್ಲಿಷ್ ಪುಟ, ಸಂಜೆ ಬೆಳಕಿನ ಫೋಟೋಗಳು. ಪಟ್ಟಿಯಲ್ಲಿದ್ದ ಮನೆ ಅಕಿಯಾ ಬ್ಯಾಂಕಿನಲ್ಲಿದ್ದದ್ದೇ, ಅದೇ 35 ಲಕ್ಷ ಯೆನ್ ಬೆಲೆ. ಮೇಲೆ ಇವರ ಸೇವಾ ಶುಲ್ಕ 4 ಲಕ್ಷ ಯೆನ್. ಇದು ದಲ್ಲಾಳಿಯ ಕಮಿಷನ್ ಬಿಟ್ಟು. ಆ ಕಮಿಷನ್ನಿಗೆ ಕಾನೂನಿನ ಮಿತಿ ಇದೆ: 2024ರ ಜುಲೈನಿಂದ 80 ಲಕ್ಷ ಯೆನ್‌ವರೆಗಿನ ಮನೆಗಳಿಗೆ ಒಂದು ಕಡೆಯವರಿಂದ ತೆರಿಗೆ ಸೇರಿ 3.3 ಲಕ್ಷದವರೆಗೆ ತೆಗೆದುಕೊಳ್ಳಬಹುದು. ಅಗ್ಗದ ಮನೆ ತೋರಿಸುವುದು ದಲ್ಲಾಳಿಗೆ ಗಿಟ್ಟುವುದಿಲ್ಲ ಅಂತ ಮಿತಿ ಏರಿಸಿದ್ದು, ಅದರಲ್ಲಿ ತಪ್ಪು ಕಾಣುವುದಿಲ್ಲ. ನನ್ನ ತಕರಾರು ಇವರ 4 ಲಕ್ಷದ ಬಗ್ಗೆ.

ವೀಡಿಯೋ ಕರೆಯಲ್ಲಿ ಮನೆ ತೋರಿಸಿದ ಹುಡುಗ ತುಂಬಾ ಮರ್ಯಾದಸ್ಥ. ಆದರೆ ಅವನ ಫೋನು ಎದೆಯ ಮಟ್ಟದಿಂದ ಕೆಳಗೆ ಇಳಿಯಲೇ ಇಲ್ಲ. "ಸ್ನಾನದ ಮನೆ ಹೊಸ್ತಿಲು ತೋರಿಸಪ್ಪ" ಅಂದರೆ ಕಿಟಕಿ ತೋರಿಸುತ್ತಾನೆ, ಕಿಟಕಿಯಾಚೆ ಬೆಟ್ಟ ತೋರಿಸುತ್ತಾನೆ. ಒಪ್ಪಂದಕ್ಕೆ ಮೊದಲು ಪರವಾನಗಿ ಇರುವವರು ಮನೆಯ ಮುಖ್ಯ ವಿಷಯಗಳನ್ನೆಲ್ಲ ಓದಿ ವಿವರಿಸಬೇಕು ಅನ್ನುವುದು ಅಲ್ಲಿನ ಕಾನೂನು. 2021ರಿಂದ ಮಾರಾಟದಲ್ಲೂ ಇದನ್ನು ವೀಡಿಯೋ ಕರೆಯಲ್ಲಿ ಮಾಡಬಹುದು, ನಮಗೆ ಮಾಡಿದ್ದೂ ಹಾಗೇ. ದಪ್ಪನೆಯ ದಾಖಲೆ. ಕಂಪನಿ ಕೊಟ್ಟ ಇಂಗ್ಲಿಷ್ ಸಾರಾಂಶ ಎರಡೇ ಪುಟ! ಸಹಿಗೆ ಮೊದಲು ಮೂಲವನ್ನು ಜಪಾನಿ ಬಲ್ಲ ಸಹೋದ್ಯೋಗಿಯೊಬ್ಬರಿಂದ ಓದಿಸಿದೆ. ಸಾರಾಂಶದಲ್ಲಿ ಬಿಟ್ಟುಹೋದ ಮೂರು ಸಂಗತಿ ಸಿಕ್ಕವು. ಕಕ್ಕಸಿಗೆ ಒಳಚರಂಡಿ ಇಲ್ಲ, ಗುಂಡಿ ತುಂಬಿದಾಗ ಲಾರಿ ಬಂದು ಹೀರಿಕೊಂಡು ಹೋಗುವ ಪದ್ಧತಿ. ಮನೆಯೊಳಗಿನ ಸಾಮಾನೆಲ್ಲ ಇದ್ದ ಹಾಗೇ ಕೊಂಡವರ ಪಾಲಿಗೆ. ಕೊಂಡ ಮೇಲೆ ಏನೇ ದೋಷ ಕಂಡರೂ ಮಾರಿದವರು ಹೊಣೆಯಲ್ಲ. ಮೂರನ್ನೂ ಮುಂದಿಟ್ಟುಕೊಂಡೇ ಬೆಲೆ 35ರಿಂದ 28ಕ್ಕೆ ಇಳಿಸಿಕೊಂಡೆವು. ಆ ಚೌಕಾಸಿಯನ್ನು ಕಂಪನಿ ಚೆನ್ನಾಗಿ ನಡೆಸಿಕೊಟ್ಟಿತು, ಅದಕ್ಕೆ ಅರ್ಧ ಅಂಕ ಜಾಸ್ತಿ. ಒಟ್ಟು ಎರಡು.

ಸಾಮಾನು ಅಂದೆನಲ್ಲ, ಅದರ ಗಾತ್ರ ಊಹೆಗೆ ನಿಲುಕುವುದಿಲ್ಲ. ಬೀರು ತುಂಬ ಹಾಸಿಗೆ, ಅಟ್ಟದ ತುಂಬ ಪಿಂಗಾಣಿ, ಜೊತೆಗೆ ಹಿರಿಯರ ಪೂಜೆ ಮಾಡುವ ಕಪ್ಪು ಮೆರುಗಿನ ಮಂಟಪ, ಬುತ್ಸುದಾನ್. ಅದನ್ನು ಕಸದ ಲಾರಿಗೆ ಹಾಕಿಸಲು ನಮಗೂ ಮನಸ್ಸಾಗಲಿಲ್ಲ, ಕೆಲಸದವರೂ ಮುಟ್ಟಲಿಲ್ಲ. ನಮಗೆ ಮನೆ ಮಾರಿದವರು, ಅಂದರೆ ಆ ಮನೆಯ ಮಗಳು, ತಾವೇ ದೇವಸ್ಥಾನದ ಭಿಕ್ಷುವನ್ನು ಕರೆಸಿ ಮಂತ್ರ ಹೇಳಿಸಿ ಅದನ್ನು ಬೀಳ್ಕೊಟ್ಟರು, ಖರ್ಚನ್ನೂ ಅವರೇ ಕೊಟ್ಟರು. ಉಳಿದದ್ದರ ವಿಲೇವಾರಿಗೆ ನಮಗೆ ಹತ್ತಿರ ಹತ್ತಿರ 4 ಲಕ್ಷ ಯೆನ್ ಬಿತ್ತು. ಜಪಾನಿನಲ್ಲಿ ಕಸ ಎಸೆಯುವುದು ಪುಕ್ಕಟೆ ಕೆಲಸವಲ್ಲ.

ಮನೆ ಪರೀಕ್ಷಕರಿಗೆ ಕೊಟ್ಟದ್ದು 70 ಸಾವಿರ ಯೆನ್. ಇಡೀ ವ್ಯವಹಾರದಲ್ಲಿ ಇಷ್ಟು ಕಡಿಮೆಗೆ ಇಷ್ಟು ಕೆಲಸ ಮತ್ತೆಲ್ಲೂ ಸಿಗಲಿಲ್ಲ. ಅರವತ್ತರ ಹತ್ತಿರದ ಮನುಷ್ಯ, ಮಾತು ಕಮ್ಮಿ, ಹಣೆಗೆ ದೀಪ ಕಟ್ಟಿಕೊಂಡು ನೆಲದ ಹಲಗೆ ಎತ್ತಿ ಕೆಳಗಿಳಿದವರು ಬಹಳ ಹೊತ್ತು ಮೇಲೆ ಬರಲಿಲ್ಲ. ಬಂದವರೇ ಸ್ನಾನದ ಮನೆ ಹೊಸ್ತಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು ಸ್ಕ್ರೂಡ್ರೈವರಿನ ಮೊನೆಯನ್ನು ಮರದ ಮೇಲಿಟ್ಟು ಮೆಲ್ಲಗೆ ಒತ್ತಿದರು. ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆ ತೆಗೆದಾಗ ಮೊನೆಯ ಜೊತೆ ಕಾಫಿ ಪುಡಿಯಂಥ ಹೊಟ್ಟು ಉದುರಿತು. ಗೆದ್ದಲು. ಅಲ್ಲೇ ಪಕ್ಕದ ದಪ್ಪ ಕಂಬಕ್ಕೆ ಅದೇ ಮೊನೆ ಒತ್ತಿದರೆ ಗೀರು ಕೂಡ ಬೀಳಲಿಲ್ಲ. "ಇದಕ್ಕೆ ಏನೂ ಆಗಿಲ್ಲ, ಸ್ನಾನದ ಮನೆ ಸುತ್ತ ಬದಲಾಯಿಸಿ" ಅಂತ ಬರೆದುಕೊಟ್ಟರು. ಫೋಟೋ ಸಮೇತ ವರದಿ, ಯಾವುದು ಈಗಲೇ, ಯಾವುದು ಐದು ವರ್ಷ ತಡೆಯುತ್ತದೆ ಅಂತ ಬೇರೆ ಬೇರೆ. ಐದಕ್ಕೆ ಐದು.

ಭೂಕಂಪದ ಮಾತನ್ನು ಎತ್ತಿದವರೂ ಅವರೇ. 1981ರ ಜೂನ್‌ನಲ್ಲಿ ಜಪಾನಿನ ಭೂಕಂಪ ನಿಯಮ ಬಿಗಿಯಾಯಿತು, ಮರದ ಮನೆಗಳಿಗೆ 2000ದಲ್ಲಿ ಇನ್ನಷ್ಟು. ನಮ್ಮದು ಎರಡಕ್ಕೂ ಹಿಂದಿನದು. ಇಡೀ ಮನೆ ಬಲಪಡಿಸುವ ಅಂದಾಜು ನೋಡಿ ನಮ್ಮನೆಯವರು ಮನೆಗೆ ಕೊಟ್ಟದ್ದಕ್ಕಿಂತ ಜಾಸ್ತಿ ಅಂತ ನಕ್ಕರು. ಕೊನೆಗೆ ಕೆಳಗಿನ ಮಲಗುವ ಕೋಣೆಯೊಳಗೆ ಗಟ್ಟಿ ಚೌಕಟ್ಟು ಹಾಕಿಸಿದೆವು. ಮನೆ ಬಿದ್ದರೂ ಆ ಕೋಣೆ ನಿಲ್ಲಬೇಕು ಅನ್ನುವ ಲೆಕ್ಕ. ಮೇಲಂತಸ್ತಿನಲ್ಲಿ ಯಾರೂ ಮಲಗುವುದಿಲ್ಲ.

ಅಗ್ಗದ ಪಟ್ಟಿಗಳಲ್ಲಿ ಇನ್ನೊಂದು ಗುಂಡಿ ಇದೆ, ರಸ್ತೆ. ನಿವೇಶನ ಕನಿಷ್ಠ 4 ಮೀಟರ್ ಅಗಲದ ರಸ್ತೆಗೆ 2 ಮೀಟರ್ ತಾಗಿರಬೇಕು ಅನ್ನುವುದು ಸಾಮಾನ್ಯ ನಿಯಮ. ತಾಗದಿದ್ದರೆ ಕೆಡವಿ ಹೊಸದು ಕಟ್ಟಲು ಅನುಮತಿ ಸಿಗುವುದಿಲ್ಲ. 2025ರ ಏಪ್ರಿಲ್‌ನಿಂದ ಎರಡಂತಸ್ತಿನ ಮರದ ಮನೆಯ ದೊಡ್ಡ ರಿಪೇರಿಗೂ ಅನುಮತಿ ಬೇಕಾಗಿದೆ, ಹಾಗಾಗಿ ಅಂಥ ಮನೆಯನ್ನು ಕೆಡವಿ ಕಟ್ಟುವಂತಿಲ್ಲ, ದೊಡ್ಡದಾಗಿ ರಿಪೇರಿ ಮಾಡಿಸುವುದೂ ಕಷ್ಟ. ಗುಡ್ಡದ ತಪ್ಪಲಿನ ಮನೆಯಾದರೆ ಪುರಸಭೆಯ ಅಪಾಯ ನಕ್ಷೆ ತೆರೆದು ಭೂಕುಸಿತದ ಹಳದಿ ವಲಯವೋ ಕೆಂಪು ವಲಯವೋ ನೋಡಿಕೊಳ್ಳಿ. ನಕ್ಷೆಯೂ ಪುಕ್ಕಟೆ.

ನೋಂದಣಿ ಮಾಡಿಸುವ ಶಿಹೋ ಶೋಶಿಗೂ ಐದಕ್ಕೆ ಐದು. ಸುಮಾರು 1 ಲಕ್ಷ ಯೆನ್ ಶುಲ್ಕ. ನಮ್ಮಂಥವರಿಗೆ ಅಲ್ಲಿನ ನಿವಾಸ ಪತ್ರವಿಲ್ಲ, ಸಹಿಯ ಬದಲು ಒತ್ತುವ ಮುದ್ರೆಯ ಪ್ರಮಾಣಪತ್ರವೂ ಇಲ್ಲ. ಬದಲಿಗೆ ಸಿಂಗಪುರದ ನೋಟರಿ ಮುಂದೆ ಸಹಿ ಮಾಡಿದ ಪ್ರಮಾಣಪತ್ರ, ಪಾಸ್‌ಪೋರ್ಟ್ ಪ್ರತಿ. 2024ರ ಏಪ್ರಿಲ್‌ನಿಂದ ಹೊರದೇಶದಲ್ಲಿರುವ ಮಾಲೀಕರು ಜಪಾನಿನೊಳಗಿನ ಒಬ್ಬ ಸಂಪರ್ಕ ವ್ಯಕ್ತಿಯ ವಿವರವನ್ನೂ ನೋಂದಣಿಯಲ್ಲಿ ಸೇರಿಸಬೇಕು. ಇವರ ಕಚೇರಿಯೇ ಅದಕ್ಕೆ ಒಪ್ಪಿಕೊಂಡಿತು. ಯಾವ ಕಾಗದ ಯಾವಾಗ ಬೇಕು ಅಂತ ಮೊದಲ ಪತ್ರದಲ್ಲೇ ತಿಳಿಸಿದರು, ಕೊನೆಯವರೆಗೂ ಹೊಸದಾಗಿ ಒಂದನ್ನೂ ಕೇಳಲಿಲ್ಲ. ಇಂಥ ಕಚೇರಿ ಯಾವ ದೇಶದಲ್ಲಾದರೂ ಅಪರೂಪ.

ತೆರಿಗೆ. ಪ್ರತಿ ವರ್ಷ ಜನವರಿ 1ರಂದು ಯಾರ ಹೆಸರಿನಲ್ಲಿದೆಯೋ ಅವರಿಗೆ ಆಸ್ತಿ ತೆರಿಗೆ, ಸಾಮಾನ್ಯವಾಗಿ ಸರ್ಕಾರಿ ಅಂದಾಜು ಬೆಲೆಯ ಶೇ 1.4. ಹೊರಗಿರುವವರು ತಮ್ಮ ಪರವಾಗಿ ಕಟ್ಟುವ ತೆರಿಗೆ ಪ್ರತಿನಿಧಿಯೊಬ್ಬರನ್ನು ನೇಮಿಸಬೇಕು. ಕೊಂಡು ತಿಂಗಳುಗಳಾದ ಮೇಲೆ, ಎಲ್ಲ ಮುಗಿಯಿತು ಅಂತ ಕೂತಿರುವಾಗ, ಆಸ್ತಿ ಗಳಿಸಿದ್ದಕ್ಕೆ ಅಂತ ಇನ್ನೊಂದು ತೆರಿಗೆಯ ಚೀಟಿ ಬರುತ್ತದೆ. ವಾಸದ ಮನೆಯ ಜಾಗಕ್ಕೆ 200 ಚದರ ಮೀಟರ್‌ವರೆಗೆ ತೆರಿಗೆಯ ಮೌಲ್ಯ ಆರನೇ ಒಂದಕ್ಕೆ ಇಳಿಯುತ್ತದೆ, ಆದರೆ ವಿಹಾರಕ್ಕಿರುವ ಮನೆಗೆ ಆ ರಿಯಾಯಿತಿ ಇಲ್ಲ. ನಮ್ಮ ಜಾಗದ ಬೆಲೆಯೇ ಕಮ್ಮಿಯಾದ್ದರಿಂದ ಹೊರೆ ಅನ್ನಿಸಲಿಲ್ಲ.

ವಿಮೆಯವರು ಕೇಳುವ ಮೊದಲ ಪ್ರಶ್ನೆ "ಯಾರಾದರೂ ಇರುತ್ತಾರಾ?" ಖಾಲಿ ಮನೆ ಅಂದರೆ ಮುಖ ತಿರುಗಿಸುತ್ತಾರೆ. ಹಾಸಿಗೆ, ಮೇಜು, ಒಲೆ ಎಲ್ಲ ಇರುವ, ಆಗಾಗ ಬಂದು ಇರುವ ಮನೆ ಅಂತ ತೋರಿಸಿದ ಮೇಲೆ ಬೆಂಕಿ ವಿಮೆ ಸಿಕ್ಕಿತು. ಭೂಕಂಪ ವಿಮೆ ಅದರ ಜೊತೆಗೇ ಬರಬೇಕು, ಅದೂ ಬೆಂಕಿ ವಿಮೆಯ ಮೊತ್ತದ ಶೇ 30ರಿಂದ 50ರವರೆಗೆ ಮಾತ್ರ.

ಭಾರತದಲ್ಲೇ ಇದ್ದು ದುಡ್ಡು ಕಳಿಸುವ ಯೋಚನೆಯಲ್ಲಿರುವ ನನ್ನ ಭಾವನವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಲ್ಲಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಅಮೆರಿಕನ್ ಡಾಲರ್‌ವರೆಗೆ ಕಳಿಸಬಹುದು, ಹೊರದೇಶದಲ್ಲಿ ಮನೆ ಕೊಳ್ಳುವುದಕ್ಕೂ ಅವಕಾಶವಿದೆ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಭಾಗದ ಮೇಲೆ ಇಂಥ ಉದ್ದೇಶಕ್ಕೆ ಬ್ಯಾಂಕು ಶೇ 20 ತೆರಿಗೆ ಹಿಡಿದುಕೊಳ್ಳುತ್ತದೆ. ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ಕೈ ಕಟ್ಟಿಹಾಕಿದ ಹಾಗೆ. ರಿಟರ್ನಿನಲ್ಲಿ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಮನೆಯನ್ನು ತೋರಿಸದೆ ಬಿಟ್ಟರೆ 10 ಲಕ್ಷ ರೂಪಾಯಿ ದಂಡದ ಕಾಯ್ದೆ ಇದೆ. ಭಾವನವರು ಸದ್ಯಕ್ಕೆ ನಮ್ಮ ಮನೆಗೇ ರಜೆಗೆ ಬರುತ್ತಾರಂತೆ.

ಈಗ ಮುಖ್ಯ ವಿಷಯ: ನಾವಿಲ್ಲದಾಗ ಮನೆ ನೋಡಿಕೊಳ್ಳುವವರು. ನಾಗಾನೋದ ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ ಎಷ್ಟೋ ಕೆಳಗಿಳಿಯುತ್ತದೆ, ನಲ್ಲಿ ಕೊಳವೆಯಲ್ಲಿ ನೀರು ನಿಂತಿದ್ದರೆ ಹೆಪ್ಪುಗಟ್ಟಿ ಕೊಳವೆ ಸೀಳುತ್ತದೆ. ಮನೆ ಬಿಡುವ ಮೊದಲು ನೀರು ಖಾಲಿ ಮಾಡಲೇಬೇಕು. ಬೇಸಿಗೆಯಲ್ಲಿ ಹುಲ್ಲು ಸೊಂಟದೆತ್ತರ, ಶರತ್ಕಾಲದಲ್ಲಿ ಬೆಚ್ಚಗಿನ ಸಂದಿ ಹುಡುಕಿ ಒಳನುಗ್ಗುವ ಗಬ್ಬುನಾತದ ತಿಗಣೆಗಳು, ಅಟ್ಟಕ್ಕೆ ಪುನುಗಿನ ಜಾತಿಯ ಪ್ರಾಣಿ. ಸಿಂಕಿನ ಕೆಳಗಿನ ಬಾಗಿದ ಕೊಳವೆಯಲ್ಲಿ ನೀರು ಆರಿಹೋದರೆ ಚರಂಡಿ ವಾಸನೆಯೂ ಹುಳವೂ ಮೇಲೆ ಬರುತ್ತವೆ.

ಮೊದಲು ಒಂದು ಖಾಸಗಿ ಕಂಪನಿಗೆ ವಹಿಸಿದ್ದೆವು, ತಿಂಗಳಿಗೆ 10 ಸಾವಿರ ಯೆನ್. ಒಪ್ಪಂದದಂತೆ ತಿಂಗಳಿಗೊಮ್ಮೆ ಹೋಗಿ ಕಿಟಕಿ ತೆರೆದು, ಸೋರಿಕೆ ನೋಡಿ, ಅಂಚೆ ಪೆಟ್ಟಿಗೆ ಖಾಲಿ ಮಾಡಿ, ಫೋಟೋ ಕಳಿಸಬೇಕು. ಫೋಟೋಗಳು ಚಾಚೂ ತಪ್ಪದೆ ಬಂದವು. ಜನವರಿಯ ವರದಿ ತೆರೆದರೆ ಅಂಗಳದಲ್ಲಿ ಒಂದು ಹಿಡಿ ಹಿಮವಿಲ್ಲ, ಪರ್ಸಿಮನ್ ಮರದ ತುಂಬ ಎಲೆ! ಆ ವಾರ ಊರಿಗೆ ಊರೇ ಬೆಳ್ಳಗಿತ್ತು. ಕೇಳಿದ್ದಕ್ಕೆ ಕ್ಷಮೆ ಕೋರಿ ಉದ್ದನೆಯ ಪತ್ರ ಬಂತು, ಆ ತಿಂಗಳ ದುಡ್ಡೂ ವಾಪಸ್ ಬಂತು. ಆದರೆ ಸಾವಿರಾರು ಮೈಲಿ ದೂರ ಕೂತವರಿಗೆ ಇವರು ಮಾರುವ ಸರಕೇ ನಂಬಿಕೆ, ಅದೇ ಇಲ್ಲದ ಮೇಲೆ ಇನ್ನೇನು? ಒಂದು ಅಂಕ, ಅದೂ ದುಡ್ಡು ಮರಳಿಸಿದ್ದಕ್ಕೆ.

ಆಮೇಲೆ ಪುರಸಭೆಯವರ ಸಲಹೆಯಂತೆ ಸಿಲ್ವರ್ ಜಿನ್‌ಝಾಯ್ ಸೆಂಟರಿಗೆ ಹೋದೆವು. ಅರವತ್ತು ದಾಟಿದವರು ಸದಸ್ಯರಾಗಿ ಸಣ್ಣಪುಟ್ಟ ಕೆಲಸ ಹಿಡಿಯುವ ಸಂಸ್ಥೆ, ಜಪಾನಿನ ಎಲ್ಲ ಕಡೆ ಇದೆ. ಹುಲ್ಲು ಕತ್ತರಿಸುವುದು, ಮರ ಸವರುವುದು ಇವರ ಕಸುಬು, ನಮ್ಮೂರಿನಲ್ಲಿ ಖಾಲಿ ಮನೆಗಳ ಮೇಲೆ ಕಣ್ಣಿಡುವ ಕೆಲಸವನ್ನೂ ಮಾಡುತ್ತಾರೆ. ನಮಗೆ ಸಿಕ್ಕ ಅಜ್ಜ ಮೊದಲ ಭೇಟಿಯಲ್ಲೇ ನನ್ನನ್ನು ಅಡುಗೆ ಮನೆಯ ಮೂಲೆಗೆ ಕರೆದು ನೆಲದಲ್ಲಿದ್ದ ಫುತೋಸೆನ್, ಅಂದರೆ ಕೊಳವೆಯ ನೀರನ್ನು ಖಾಲಿ ಮಾಡುವ ಕವಾಟದ ಹಿಡಿ ತೋರಿಸಿದರು. ಹಿಡಿಯನ್ನು ಪೂರ್ತಿ ತಿರುಗಿಸಬೇಕು, ಅರ್ಧಕ್ಕೆ ನಿಲ್ಲಿಸಿದರೆ ನೀರು ಭೂಮಿಯೊಳಗೆ ಸದಾ ಹರಿಯುತ್ತಲೇ ಇರುತ್ತದೆ. ಆಮೇಲೆ ಎಲ್ಲ ನಲ್ಲಿ ಬಿಚ್ಚಬೇಕು, ಬಿಸಿನೀರಿನದ್ದೂ. ಅಜ್ಜ ನಲ್ಲಿಯ ಬಾಯಿಗೆ ಅಂಗೈ ಒತ್ತಿ ಹಿಡಿದು ನನಗೂ ಹಾಗೇ ಮಾಡಿ ಅಂತ ಸನ್ನೆ ಮಾಡಿದರು. ಅಂಗೈಯನ್ನು ಒಳಗೆ ಎಳೆದ ಹಾಗಾಯಿತು: ನೀರು ಇಳಿಯುತ್ತಿದೆ, ಗಾಳಿ ಒಳಗೆ ಹೋಗುತ್ತಿದೆ ಅಂತ ಅರ್ಥ. ಎಳೆತ ನಿಂತ ಮೇಲೆ ಕಕ್ಕಸಿನ ಫ್ಲಶ್ ತೊಟ್ಟಿ ಖಾಲಿ ಮಾಡಿ, ಸಿಂಕಿನ ಬಾಗಿದ ಕೊಳವೆಗೆ ಹೆಪ್ಪುಗಟ್ಟದ ದ್ರವ ಸುರಿಯಬೇಕು. ಖಾಸಗಿ ಕಂಪನಿಯ ಒಪ್ಪಂದದಲ್ಲಿ ಇದರ ಸುದ್ದಿಯೇ ಇರಲಿಲ್ಲ. ಅಜ್ಜನ ಫೋಟೋಗಳು ವಾರೆಯಾಗಿರುತ್ತವೆ, ಒಂದೊಂದು ಸಲ ಅವರ ಹೆಬ್ಬೆರಳೂ ಬಂದಿರುತ್ತದೆ. ಆದರೆ ಅಂದಂದಿನ ಹಿಮ ಅಂದಂದಿನದೇ. ಇಂಗ್ಲಿಷಿನಲ್ಲಿ ಒಂದಕ್ಷರ ಬರುವುದಿಲ್ಲ ಅಂತ ಅರ್ಧ ಕಳೆದು ನಾಲ್ಕೂವರೆ.

ಊರಿನ ನಿವಾಸಿಗಳ ಸಂಘ, ಜಿಚಿಕಾಯ್, ಸೇವೆ ಅಲ್ಲದಿದ್ದರೂ ವರ್ಷಕ್ಕಿಷ್ಟು ಅಂತ ಕೊಡುತ್ತೇವೆ, ಹಾಗಾಗಿ ಲೆಕ್ಕಕ್ಕೆ ಬಂತು. ರಜೆಯ ಮನೆಯವರಿಗೆ ಕಡ್ಡಾಯವಲ್ಲ, ಆದರೂ ಸೇರಿದೆವು. ಕಾಲುವೆ ಹೂಳು ತೆಗೆಯುವ ದಿನ ನಾವಿದ್ದರೆ ಹೋಗುತ್ತೇವೆ, ಇಲ್ಲದಿದ್ದರೆ ಗೈರುಹಾಜರಿಯ ಕಾಣಿಕೆ. ಇದೇ ಪ್ರಾಂತ್ಯದ ಹಕುಬಾದಲ್ಲಿ 2014ರ ನವೆಂಬರ್ 22ರ ರಾತ್ರಿ ಭೂಕಂಪವಾಗಿ ಮನೆಗಳು ಕುಸಿದಾಗ, ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆ ಅಂತ ಗೊತ್ತಿದ್ದ ಅಕ್ಕಪಕ್ಕದವರೇ ಅವಶೇಷದಡಿ ಸಿಕ್ಕವರನ್ನು ಹೊರಗೆಳೆದರು, ಒಬ್ಬರೂ ಸಾಯಲಿಲ್ಲ. ನಾವು ಕೆಳಗಿನ ಕೋಣೆಯಲ್ಲಿ ಮಲಗುತ್ತೇವೆ ಅಂತ ಎದುರು ಮನೆಯವರಿಗೆ ಹೇಳಿಟ್ಟಿದ್ದೇವೆ.

ಮನೆ ಇದ್ದ ಮಾತ್ರಕ್ಕೆ ವೀಸಾ ಸಿಗುವುದಿಲ್ಲ, ಇದನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ. ಭಾರತದ ಪಾಸ್‌ಪೋರ್ಟಿನ ನಾವು ಸ್ವಂತ ಮನೆಗೆ ಹೋಗಲಿಕ್ಕೂ ಪ್ರವಾಸಿಗರಂತೆ ಅರ್ಜಿ ಹಾಕಬೇಕು. ಬಾಡಿಗೆಗೆ ಬಿಟ್ಟು ಖರ್ಚು ತೆಗೆಯುತ್ತೇವೆ ಅನ್ನುವವರಿಗೂ ಒಂದು ಮಾತು: 2018ರಲ್ಲಿ ಜಾರಿಗೆ ಬಂದ ಕಾನೂನಿನಡಿ ಪ್ರವಾಸಿಗರಿಗೆ ವರ್ಷಕ್ಕೆ 180 ದಿನ ಮಾತ್ರ ಕೊಡಬಹುದು, ಮಾಲೀಕರು ಅಲ್ಲಿಲ್ಲದಿದ್ದರೆ ನೋಂದಾಯಿತ ನಿರ್ವಹಣಾ ಸಂಸ್ಥೆಯನ್ನೂ ಇಟ್ಟುಕೊಳ್ಳಬೇಕು. ಲೆಕ್ಕ ಹಾಕಿದೆ, ಗಿಟ್ಟಲಿಲ್ಲ.

ಇಷ್ಟೆಲ್ಲ ಆದ ಮೇಲೂ ಮಾರುವ ಯೋಚನೆ ಇಲ್ಲ. ಟೋಕಿಯೋದಿಂದ ಬುಲೆಟ್ ರೈಲಿನಲ್ಲಿ ಒಂದೂವರೆ ಗಂಟೆ, ಆಮೇಲೆ ಒಂದು ಬಸ್ಸು. ಮಕ್ಕಳು ಸೇಬಿನ ತೋಟದ ಅಂಚಿನಲ್ಲಿ ಸೈಕಲ್ ಕಲಿತರು. ಕಕ್ಕಸಿಗೆ ಶುದ್ಧೀಕರಣ ತೊಟ್ಟಿ ಹಾಕಿಸಿದ್ದು ಎಲ್ಲಕ್ಕಿಂತ ದುಬಾರಿ ಕೆಲಸ, ಎಲ್ಲಕ್ಕಿಂತ ನೆಮ್ಮದಿ ಕೊಟ್ಟದ್ದೂ ಅದೇ.

ಬಾಕಿ ಉಳಿದಿರುವುದು ಮನೆ ಹಿಂದಿನ ತರಕಾರಿ ಹೊಲ. ಪಟ್ಟಿಯಲ್ಲಿ "ಹೊಲ ಸಮೇತ" ಅಂತಲೇ ಇತ್ತು. ಆದರೆ ಕೃಷಿ ಭೂಮಿ ಕೈ ಬದಲಾಗಲು ಊರಿನ ಕೃಷಿ ಸಮಿತಿಯ ಅನುಮತಿ ಬೇಕು. 2023ರ ಏಪ್ರಿಲ್‌ನಲ್ಲಿ ಕನಿಷ್ಠ ವಿಸ್ತೀರ್ಣದ ಷರತ್ತು ಹೋದರೂ, ನಾವೇ ಉಳುತ್ತೇವೆ ಅಂತ ಒಪ್ಪಿಸಬೇಕು. ಸಿಂಗಪುರದಲ್ಲಿ ಕೂತು ಮೂಲಂಗಿ ಬೆಳೆಯುತ್ತೇವೆ ಅಂದರೆ ಯಾವ ಸಮಿತಿ ಒಪ್ಪುತ್ತದೆ? ಹೊಲ ಇನ್ನೂ ಮಾರಿದವರ ಹೆಸರಿನಲ್ಲೇ ಇದೆ, ಎದುರು ಮನೆಯವರು ಬೆಳೆ ತೆಗೆಯುತ್ತಾರೆ. ಅವರೇ ಕೊಂಡುಕೊಳ್ಳುವ ಮಾತು ಈಗ ಶುರುವಾಗಿದೆ, ಕಾಗದ ಮಾಡಿಸಲು ನಾನು ಹೇಳಿದ್ದು ಅದೇ ಶಿಹೋ ಶೋಶಿಯ ಹೆಸರು.